ಟ್ಯಾಂಕ್ ಕಾಯಲು ಒಂದು ಕ್ಯಾಮೆರಾ

ಅಂಗಡಿಯವನು ಹೇಳಿದ ಬೆಲೆಗೇ ವಸ್ತು ಕೊಂಡರೆ ನನಗೆ ಆ ದಿನ ಊಟ ಸೇರುವುದಿಲ್ಲ. ಕೊಂಡ ಮೇಲೆ, ನೀವೂ ಇದನ್ನೇ ತೊಗೊಳ್ಳಿ ಎಂದು ನಾಲ್ಕು ಜನಕ್ಕೆ ಸಲಹೆ ಕೊಡದಿದ್ದರೆ ನಿದ್ದೆಯೂ ಬರುವುದಿಲ್ಲ. ಯಶವಂತಪುರದಲ್ಲಿ ನನ್ನದೊಂದು ಅಂಗಡಿಯಿದೆ. ಬಕೆಟ್ಟು, ಡ್ರಮ್ಮು, ಪೈಪು, ನೀರಿನ ಟ್ಯಾಂಕು ಮಾರುತ್ತೇನೆ. ಫುಟ್‌ಪಾತಿನ ಮೇಲೆ ಮಗ್ಗು ಮಾರುತ್ತಿದ್ದವನು ಈಗ ಒಳಗೆ ಫ್ಯಾನ್ ಹಾಕಿಕೊಂಡು ಕೂರುವಷ್ಟಾಗಿದ್ದೇನೆ. ಹೀಗಾಗಿ ಟ್ಯಾಂಕಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಭಾವನೆ ಇತ್ತು. ಆದರೆ ಇಡೀ ಗಂಗಾನಗರದಲ್ಲಿ ಟ್ಯಾಂಕ್ ತುಂಬಿ ಹರಿಯುವ ಮನೆ ಯಾವುದೆಂದು ಕೇಳಿದರೆ ನಮ್ಮ ಬೀದಿಯ ಹಾಲಿನವನೂ ನನ್ನ ಗೇಟು ತೋರಿಸುತ್ತಾನೆ.

ಮೋಟಾರ್ ಹಾಕುವುದು ನೆನಪಿರುತ್ತದೆ, ಆರಿಸುವುದು ಇರುವುದಿಲ್ಲ. ಇದು ಬೆಂಗಳೂರಿನ ಅರ್ಧ ಜನರ ಕಷ್ಟ. ನನ್ನ ಕಷ್ಟಕ್ಕೆ ಮಾತ್ರ ಒಂದು ವಿಶೇಷವಿದೆ. ತುಂಬಿ ಹರಿದ ನೀರು ನೇರವಾಗಿ ಪಕ್ಕದ ಮನೆಯ ಬಷೀರ್ ಸಾಹೇಬರ ಶೆಡ್ಡಿನ ಮೇಲೆ ಬೀಳುತ್ತದೆ. ಅವರಿಗೆ ಆರ್.ಟಿ. ನಗರದಲ್ಲಿ ಹಾಸಿಗೆ ಹೊಲಿಯುವ ಅಂಗಡಿ. ಹಳೆಯ ಹಾಸಿಗೆಯಿಂದ ಬಿಚ್ಚಿದ ಹತ್ತಿಯನ್ನು ಅವರು ಒಣಗಿಸುವುದು ಆ ಶೆಡ್ಡಿನ ಮೇಲೆಯೇ. ಇದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಕಾವೇರಿ ನೀರು ಬಾರದ ದಿನಗಳಲ್ಲಿ ನಮ್ಮ ನೆಲದಡಿಯ ಸಂಪು ತುಂಬುವುದು ಅವರ ಬೋರ್‌ವೆಲ್ಲಿನಿಂದ. ಗೋಡೆಯಲ್ಲಿ ತೂತು ಕೊರೆದು ಒಂದು ಪೈಪ್ ಬಿಟ್ಟಿದ್ದಾರೆ. ಅಂದರೆ ಅವರ ನೀರನ್ನೇ ಮೇಲೆ ಹತ್ತಿಸಿ ಅವರ ಹತ್ತಿಯ ಮೇಲೆ ಸುರಿಯುವುದು ನಮ್ಮ ಮನೆಯ ಪದ್ಧತಿ. ಕಳೆದ ಬೇಸಿಗೆಯಲ್ಲಿ ಅವರು ಸಮಾಧಾನವಾಗಿಯೇ ಹೇಳಿದರು. "ಸಾರ್, ಇನ್ನೊಂದ್ಸಲ ಹಿಂಗಾದ್ರೆ ಪೈಪ್ ತೆಗೀಬೇಕಾಗ್ತದೆ. ಬೇಜಾರ್ ಮಾಡ್ಕೋಬೇಡಿ."

ನೀರು ತುಂಬಿದರೆ ಹಾಡುವ ಅಲಾರಂ ಒಂದನ್ನು ಹಿಂದೊಮ್ಮೆ ಚೌಕಾಸಿ ಮಾಡಿ ತಂದಿದ್ದೆ. ಅದು ಸ್ವಲ್ಪ ದಿನ ನೀರು ತುಂಬಿದಾಗ ಹಾಡಿತು, ಆಮೇಲೆ ತುಂಬದಿದ್ದಾಗ ಹಾಡಿತು, ಬಿಸಿಲಿಗೆ ಗಂಟಲು ಕಟ್ಟಿ ಸುಮ್ಮನಾಯಿತು. ಟ್ಯಾಂಕ್ ತುಂಬಿದರೆ ಮೋಟಾರ್ ತಾನೇ ಆಫ್ ಆಗುವ ಡಬ್ಬಿ ಹಾಕಿಸಿ ಎಂದು ನನ್ನ ಹೆಂಡತಿ ಶಾರದಾ ಹೇಳಿದಳು. ಅದು ಎಲ್ಲರೂ ಮಾಡುವ ಕೆಲಸ. ನಾನು ಕ್ಯಾಮೆರಾ ಇಡುತ್ತೇನೆ, ಕೆಳಗೆ ಕೂತು ಫೋನಿನಲ್ಲೇ ನೀರು ನೋಡುತ್ತೇನೆ ಎಂದೆ. ಅವಳು ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ.

ನಮ್ಮ ಅಂಗಡಿಯ ಎದುರಿಗೆ ಪ್ರಕಾಶನ ಎಲೆಕ್ಟ್ರಾನಿಕ್ಸ್ ಅಂಗಡಿ. ನಾನು ಒಳಗೆ ಹೋದರೆ ಅವನು ಮೊದಲು ಬೆಲೆ ಏರಿಸಿಕೊಂಡೇ ಮಾತು ಶುರು ಮಾಡುತ್ತಾನೆ. ತಾರಸಿಯಿಂದ ಕೆಳಗಿನ ನಡುಮನೆಗೆ ಅಷ್ಟೇ ದೂರ ಅಲ್ಲವೇ, ಬ್ಲೂಟೂತ್ ಕ್ಯಾಮೆರಾ ಕೊಡು ಎಂದೆ. ಬ್ಲೂಟೂತಿನಲ್ಲಿ ಹಾಡು ಬರುತ್ತದೆ, ವಿಡಿಯೋ ಎಳೆಯುವಷ್ಟು ಶಕ್ತಿ ಅದಕ್ಕಿಲ್ಲ ಎಂದ. ನನಗೆ ಅರ್ಥವಾಗಿದ್ದು ನನ್ನ ಸರಕಿನ ಲೆಕ್ಕದಲ್ಲಿ: ಬ್ಲೂಟೂತ್ ಎಂದರೆ ಅರ್ಧ ಇಂಚಿನ ಪೈಪು, ವೈಫೈ ಎಂದರೆ ಎರಡು ಇಂಚಿನದು. ವಿಡಿಯೋ ಎಂಬ ಪ್ರವಾಹಕ್ಕೆ ಎರಡು ಇಂಚು ಬೇಕೇ ಬೇಕು. ಇಷ್ಟು ತಿಳಿದ ಮೇಲೆ ಅಂಗಡಿಗೆ ಬಂದಿದ್ದ ಇನ್ನೊಬ್ಬ ಗಿರಾಕಿಗೂ ವಿವರಿಸಿ ಹೇಳಿದೆ. ಅವರು ಬಂದಿದ್ದು ಮಿಕ್ಸಿ ರಿಪೇರಿಗೆ.

ವೈಫೈಯಲ್ಲೂ ಎರಡು ದಾರಿಯಂತೆ. ಮನೆಯ ಇಂಟರ್‌ನೆಟ್ ಪೆಟ್ಟಿಗೆಗೆ ಕ್ಯಾಮೆರಾ ಸೇರಿಸುವುದು ಒಂದು, ಹಾಗಾದರೆ ಯಾವ ಊರಿನಿಂದ ಬೇಕಾದರೂ ನೋಡಬಹುದು. ಆದರೆ ನಮ್ಮ ಪೆಟ್ಟಿಗೆ ಕೆಳಗಿದೆ, ನಡುವೆ ಕಾಂಕ್ರೀಟ್ ತಾರಸಿ, ಸಿಗ್ನಲ್ ಮೇಲೆ ಹತ್ತಲು ಇನ್ನೊಂದು ಪೆಟ್ಟಿಗೆ ಬೇಕು. ಎರಡನೆಯದು, ಕ್ಯಾಮೆರಾ ತಾನೇ ಹೊರಡಿಸುವ ವೈಫೈಗೆ ಫೋನನ್ನು ನೇರ ಸೇರಿಸುವುದು. ಹೆಚ್ಚಿನ ಪೆಟ್ಟಿಗೆ ಬೇಡ. "ಯಜಮಾನ್ರೇ, ಅದು ಪಕ್ಕದಲ್ಲೇ ನಿಂತು ನೋಡೋರಿಗೆ. ಗೋಡೆ ಅಡ್ಡ ಬಂದ್ರೆ ನನ್ನ ಕೇಳ್ಬೇಡಿ" ಎಂದ ಪ್ರಕಾಶ. ಮಾರುವವನು ದುಬಾರಿಯದನ್ನೇ ಹೊಗಳುವುದು ನನಗೆ ಗೊತ್ತಿಲ್ಲವೇ? ನಾನೂ ಅದನ್ನೇ ಮಾಡುತ್ತೇನೆ. ಎರಡನೆಯದನ್ನೇ ಚೌಕಾಸಿ ಮಾಡಿ, ಮೇಲೊಂದು ಸ್ಟ್ಯಾಂಡ್ ಪುಕ್ಕಟೆ ಹಾಕಿಸಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಕಟ್ಟಿದೆ. ಟ್ಯಾಂಕಿನ ಬಾಯಿ, ಹೆಚ್ಚಾದ ನೀರು ಹೊರಬೀಳುವ ಪೈಪು ಎರಡೂ ಕಾಣುವಂತಿತ್ತು. ಮೊಬೈಲ್ ಡೇಟಾ ಆಫ್ ಮಾಡಿ ಎಂದಿತು ಆ್ಯಪ್. ಮಾಡಿದೆ. ಮನೆಯೆಲ್ಲಾ ಸುತ್ತಿ ನೋಡಿದರೆ ಚಿತ್ರ ಬರುವ ಜಾಗ ಒಂದೇ, ಬಚ್ಚಲುಮನೆ ಬಾಗಿಲ ಎದುರು. ಅಲ್ಲೇ ಸ್ಟೂಲ್ ಹಾಕಿಕೊಂಡು ಮೋಟಾರ್ ಹಾಕಿದೆ. ಚಿತ್ರ ಚೆನ್ನಾಗಿತ್ತು. ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಪಾರಿವಾಳ ಕೂತಿತ್ತು. ಎಷ್ಟು ಹೊತ್ತು ನೋಡಿದರೂ ಕೂತೇ ಇತ್ತು. ಕತ್ತು ತಿರುಗಿಸಲಿಲ್ಲ, ರೆಕ್ಕೆ ಕೊಡವಲಿಲ್ಲ. ಎಂಥ ಶಿಸ್ತಿನ ಪಕ್ಷಿ, ನನಗಿಂತ ಚೆನ್ನಾಗಿ ಟ್ಯಾಂಕ್ ಕಾಯುತ್ತಿದೆ ಎಂದುಕೊಂಡೆ. ಚಿತ್ರ ನಿಂತುಹೋದರೆ ನಿಂತಿದ್ದೇನೆ ಎಂದು ಆ ಆ್ಯಪ್ ಹೇಳುವುದಿಲ್ಲ ಎಂಬುದು ನನಗಾಗಲೀ ಪಾರಿವಾಳಕ್ಕಾಗಲೀ ಗೊತ್ತಿರಲಿಲ್ಲ.

ಸೊಪ್ಪು ತರಲು ಹೋಗಿದ್ದ ಶಾರದಾ ಬಂದವಳೇ ಚೀಲವನ್ನೂ ಇಳಿಸದೆ ಮೋಟಾರ್ ಆರಿಸಿದಳು. "ರೀ, ಹೊರಗಡೆ ಜೋಗ್ ಬೀಳ್ತಾ ಇದೆ. ನೀವಿಲ್ಲಿ ಕೂತು ಏನ್ ನೋಡ್ತಿದ್ದೀರಾ?" ಪಾರಿವಾಳ ತೋರಿಸಿದೆ.

ಡೇಟಾ ಆನ್ ಮಾಡುತ್ತಲೇ ವಾಟ್ಸಾಪ್ ಟಿಂಗ್ ಟಿಂಗ್ ಎಂದಿತು. ಬಷೀರ್ ಸಾಹೇಬರಿಗೆ ಫೋನ್ ಮಾಡುವ ಅಭ್ಯಾಸವಿಲ್ಲ, ಏನಿದ್ದರೂ ವಾಯ್ಸ್ ಮೆಸೇಜು. ಸಾಲಾಗಿ ಕೇಳಿದೆ. ಮೊದಲನೆಯದರಲ್ಲಿ ಸಲಾಂ, ಆರೋಗ್ಯ ವಿಚಾರಣೆ, ಟ್ಯಾಂಕ್ ತುಂಬುತ್ತಿದೆ ಎಂಬ ಸೂಚನೆ. ಆಮೇಲಿನದರಲ್ಲಿ ಆರೋಗ್ಯ ಇರಲಿಲ್ಲ. ಅದರ ಮುಂದಿನದರಲ್ಲಿ ನೀರಿನ ಸದ್ದು, ಮನೆಯವರನ್ನು ಕೂಗಿ ಹತ್ತಿ ಎಳೆಸುವ ಗದ್ದಲ. ಕೊನೆಯದು ಚಿಕ್ಕದು: "ಸಾಯಂಕಾಲ ಮನೇಲಿರಿ ಸಾರ್, ಬರ್ತೀನಿ."

ಆ ಮಧ್ಯಾಹ್ನ ಶಾರದಾ ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿದಳು. ಪೈಪ್ ಹೋದರೆ ಟ್ಯಾಂಕರಿಗೆ ಕಾಯುವ ಬಾಳು. ಟ್ಯಾಂಕರಿನವರ ಜೊತೆಗಿನ ಚೌಕಾಸಿಯಲ್ಲಿ ನಾನು ಗೆದ್ದದ್ದೇ ಇಲ್ಲ.

ಸಾಹೇಬರು ಬಂದರು, ಚಹಾ ಕುಡಿದರು, ಮೇಲೆ ಹೋಗಿ ಕ್ಯಾಮೆರಾ ನೋಡಿ ಬಂದರು. ನನ್ನ ಕ್ಷಮಾಪಣೆಯನ್ನು ಅರ್ಧದಲ್ಲೇ ತಡೆದು, ಇಂಥ ಕ್ಯಾಮೆರಾದಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರು. ನನಗೆ ಇಷ್ಟು ಸಾಕಲ್ಲವೇ? ಅರ್ಧ ಇಂಚು, ಎರಡು ಇಂಚು ಎಲ್ಲಾ ವಿವರಿಸಿದೆ. ಮನೆಯ ವೈಫೈಗೆ ಸೇರುವುದನ್ನೇ ತೊಗೊಳ್ಳಿ, ನಿಮ್ಮ ಪೆಟ್ಟಿಗೆ ಮಹಡಿಯ ಮೇಲೇ ಇದೆ, ಕಿಟಕಿಯ ಪಕ್ಕ ಇಟ್ಟರೆ ಸಾಕು, ಬೆಲೆ ನಾನು ಮಾತಾಡಿ ಕೊಡಿಸುತ್ತೇನೆ ಎಂದೆ. ಏನು ನೋಡುವುದಕ್ಕೆ ಎಂದು ಕೇಳಿದ್ದು ಆಮೇಲೆ.

"ನಿಮ್ ಟ್ಯಾಂಕ್" ಎಂದರು. "ಪೈಪ್ ಇರ್ಲಿ ಸಾರ್. ಆದ್ರೆ ನಾನ್ ನೋಡ್ತೀನಿ ಅಂದ್ಮೇಲೇ ನೀವು ಮೋಟಾರ್ ಹಾಕ್ಬೇಕು."

ಮಾತಿಗೆ ಮಾತು ಸೇರಿಸಲು ಬಾಯಿ ತೆರೆದೆ. ಒಳಗಿನಿಂದ ಶಾರದಾ, "ಆಯ್ತು ಅಂತೆ ಸಾಹೇಬ್ರೇ" ಎಂದು ವ್ಯವಹಾರ ಮುಗಿಸಿದಳು. ಮರುದಿನ ಪ್ರಕಾಶನ ಅಂಗಡಿಯಲ್ಲಿ ನನ್ನ ಮೇಲೆ ಕಾವಲಿಡುವ ಕ್ಯಾಮೆರಾಕ್ಕೆ ನಾನೇ ಜಗ್ಗಾಡಿ ಬೆಲೆ ಇಳಿಸಿದೆ. ಸ್ಟ್ಯಾಂಡೂ ಹಾಕಿಸಿಕೊಟ್ಟೆ.

ಮೊನ್ನೆ ಅವರು ನೆಂಟರ ಮದುವೆಗೆಂದು ತುಮಕೂರಿಗೆ ಹೋಗಿದ್ದರು. ಅನುಮತಿ ಪಡೆದು ಮೋಟಾರ್ ಹಾಕಿ ಪೇಪರ್ ಓದುತ್ತಿದ್ದೆ. ಫೋನ್ ಬಂತು, ಈಗೀಗ ವಾಯ್ಸ್ ಮೆಸೇಜ್ ಬಿಟ್ಟು ಫೋನನ್ನೇ ಮಾಡುತ್ತಾರೆ. ಹಿಂದೆ ಛತ್ರದ ಗದ್ದಲ, ತಟ್ಟೆಗಳ ಸದ್ದು. "ಸಾರ್, ತುಂಬ್ತು, ಆಫ್ ಮಾಡಿ. ಇಲ್ಲಿ ಬಿರಿಯಾನಿ ಬಡಿಸ್ತಾವ್ರೆ" ಎಂದರು. ಟ್ಯಾಂಕಿನ ಕೆಳಗೇ ಕೂತಿದ್ದ ನನಗೆ ಕಾಣದ ನೀರು ತುಮಕೂರಿನಲ್ಲಿ ಬಿರಿಯಾನಿಗೆ ಕೂತವರಿಗೆ ಕಂಡಿತ್ತು. ಎದ್ದು ಆರಿಸಿದೆ. ಈಗ ನನ್ನ ಅಂಗಡಿಯಲ್ಲಿ ಟ್ಯಾಂಕ್ ಕೊಳ್ಳಲು ಬಂದವರಿಗೆಲ್ಲ ಕೇಳದೆಯೇ ಒಂದು ಸಲಹೆ ಕೊಡುತ್ತಿದ್ದೇನೆ: ಕ್ಯಾಮೆರಾವನ್ನು ಯಾವ ವೈಫೈಗೆ ಸೇರಿಸಬೇಕೆಂಬುದನ್ನು ಆಮೇಲೆ ಯೋಚಿಸಿ, ಮೊದಲು ಪಕ್ಕದ ಮನೆಯವರ ಫೋನಿಗೆ ಸೇರಿಸಿ. ಗಿರಾಕಿಗಳು ನನ್ನನ್ನು ಒಂದು ಥರ ನೋಡಿ, ಮೋಟಾರ್ ತಾನೇ ಆಫ್ ಆಗುವ ಡಬ್ಬಿ ಇದೆಯೇ ಎಂದು ಕೇಳುತ್ತಾರೆ. ಇದೆ. ಅದನ್ನೂ ಮಾರುತ್ತೇನೆ.