ಹನ್ನೆರಡು ಸೌರದೀಪಗಳ ತಪಾಸಣೆ

ಇದು 2000ನೇ ಇಸವಿಯ ಬೇಸಿಗೆಯಲ್ಲಿ ನಡೆದದ್ದು. ಬಿ.ಎಸ್ಸಿ. ಮುಗಿಸಿ ಬೆಳಗಾವಿಯ ಒಂದು ಸೌರದೀಪದ ಅಂಗಡಿ ಸೇರಿದ್ದೆ. ಖಾನಾಪುರದ ಆಚೆಯ ಹಳ್ಳಿಯೊಂದರಲ್ಲಿ ನಾವು ಹನ್ನೆರಡು ಬೀದಿದೀಪ ನಿಲ್ಲಿಸಿದ್ದೆವು. ಅವು ಸರಿಯಿವೆ ಎಂದು ಸರ್ಕಾರದ ಸಾಹೇಬರು ಬರೆದುಕೊಟ್ಟರೆ ಊರಿನ ಹಳೆಯ ಕರೆಂಟಿನ ಬೀದಿದೀಪಗಳನ್ನು ಕಿತ್ತೊಯ್ಯುವುದೆಂದು ತೀರ್ಮಾನವಾಗಿತ್ತು. ವಾರಕ್ಕೊಮ್ಮೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಹೋದಾಗಲೆಲ್ಲ ಏನಾದರೊಂದು ಕಾದಿರುತ್ತಿತ್ತು. ಭೌತಶಾಸ್ತ್ರದ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರುತ್ತಿರಲಿಲ್ಲ.

ಫಲಕದ ಮುಖ

ಮೊದಲ ವಾರವೇ ಪಂಚಾಯಿತಿ ಮುಂದಿನ ದೀಪದ, ಬಿಸಿಲು ಹಿಡಿಯುವ ಫಲಕ ಉತ್ತರಕ್ಕೆ ತಿರುಗಿತ್ತು. ನಾವು ಕೂರಿಸಿದ್ದು ದಕ್ಷಿಣಕ್ಕೆ.

"ಯಾರು ತಿರಗಸಿದ್ರಿ ಇದನ್ನ?" ಎಂದೆ.

"ನಾನೇ," ಎಂದರು ಪಂಚಾಯಿತಿ ಅಧ್ಯಕ್ಷರು. "ಉದ್ಘಾಟನಾಕ್ಕ ಮಂತ್ರಿಗೋಳು ಬರೂದು ಆ ಕಡೆಯಿಂದ. ಅವರಿಗೆ ಇದರ ಬೆನ್ನ ತೋರಸೂದೇನ್ರಿ?"

"ಅದು ಸೂರ್ಯಾಗ ಕಾಣಬೇಕ್ರಿ."

"ಸೂರ್ಯಾ ದಿನಾ ಬರ್ತಾನ. ಮಂತ್ರಿ ಒಂದೇ ಸಲ ಬರೂದು."

ಮಳೆಗಾಲ

ಖಾನಾಪುರದ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ. ಬಿಸಿಲಿಲ್ಲದೆ ನಮ್ಮ ಬ್ಯಾಟರಿ ತಡೆಯುವುದು ಮೂರು ದಿನ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬೆಳಗಾವಿಯಲ್ಲಿ ಸಾಹೇಬರನ್ನು ಕಂಡೆ.

"ಮಳಿಗಾಲ ಮುಗಿಯೂತನಕಾದ್ರೂ ಹಳೀ ದೀಪ ಇರ್ಲಿ, ಸರ್."

ಅವರು ಹಾಳೆಯನ್ನು ಎರಡು ಸಲ ಓದಿದರು.

"ಬರೋಬ್ಬರಿ ಬರದೀಯಪಾ. ಆದ್ರ ಅಷ್ಟು ಮಳ್ಯಾಗ ಹೊರಗ ಯಾರು ಅಡ್ಡಾಡ್ತಾರ?"

ಬ್ಯಾಟರಿ

ತಪಾಸಣೆಯ ಹಿಂದಿನ ಸಂಜೆ ಹೋದೆ. ಹಳೆಯ ದೀಪಗಳು ಹೊತ್ತಿದ್ದವು, ನಮ್ಮದು ಒಂದೂ ಇಲ್ಲ. ಕಂಬದ ಪೆಟ್ಟಿಗೆ ತೆರೆದರೆ ಬ್ಯಾಟರಿಯೇ ಮಾಯ. ಅಧ್ಯಕ್ಷರ ಮನೆಗೆ ಓಡಿದೆ. ಹನ್ನೆರಡೂ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು.

"ಬಾಜು ಊರಾಗ ಎರಡು ಬ್ಯಾಟರಿ ಕಳುವಾದ್ವು," ಎಂದರು. "ಅದಕ್ಕ ದಿನಾ ಹೊತ್ತ ಮುಳಗೂದ್ರಾಗ ಬಿಚ್ಚಿ ತಂದ ಇಡ್ತೇವಿ. ಮುಂಜಾನೆ ಮತ್ತ ಜೋಡಸ್ತೇವಿ."

"ಮತ್ತ ರಾತ್ರಿ ಬೆಳಕು?"

"ಹಳೀ ದೀಪ ಅದಾವಲ್ರಿ!"

"ನಾಳೆ ಅವನ್ನ ಕಿತ್ಕೊಂಡ ಹೋಗ್ತಾರ್ರಿ."

"ಹೋಗ್ಲಿ ಬಿಡ್ರಿ, ಹೊಸಾವು ಅದಾವಲ್ಲ!"

ಮರುದಿನ ಸಾಹೇಬರ ಜೀಪು ಬಂದದ್ದು ನಡುಮಧ್ಯಾಹ್ನ. ನಡೆದದ್ದೆಲ್ಲ ಹೇಳಿ, ಸಂಜೆಯವರೆಗೆ ಇದ್ದು ಕಣ್ಣಾರೆ ನೋಡಿ ಎಂದು ಬೇಡಿಕೊಂಡೆ.

"ಸಂಜೀಕ ಕತ್ತಲ್ಯಾಗ ಏನ್ ಕಾಣಸ್ತೈತೋ?" ಎಂದರು.

ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಸಿ ಬ್ಯಾಟರಿ ಎಣಿಸಿ, ಎಲ್ಲ ಸರಿ ಎಂದು ಸಹಿ ಹಾಕಿದರು. ನಾಲ್ಕು ಗಂಟೆಗೆ ಹಳೆಯ ದೀಪಗಳು ಲಾರಿ ಹತ್ತಿದವು. ಆರಕ್ಕೆ ಬ್ಯಾಟರಿಗಳು ಪಡಸಾಲೆ ಸೇರಿದವು.

ಆ ವಾರದ ನನ್ನ ವರದಿ ಚಿಕ್ಕದು. ಸುರಕ್ಷಿತವಾಗಿರುವ ಬ್ಯಾಟರಿ ಹನ್ನೆರಡು. ಉರಿದ ದೀಪ ಸೊನ್ನೆ.