ವೇದವ್ಯಾಸರಾಯರ ಟ್ರೆಡ್‌ಮಿಲ್ ಯಾತ್ರೆ

ದಿನಾ ಬೆಳಿಗ್ಗೆ ಬೆವರು ಸುರಿಸಿ ನಡೆದರೂ ಎದುರಿಗಿದ್ದ ಅಡುಗೆಮನೆ ಒಂದು ಗೇಣೂ ಹತ್ತಿರ ಬರುವುದಿಲ್ಲ ಎಂಬುದು ಹಾನಗಲ್ಲಿನ ವಕೀಲ ವೇದವ್ಯಾಸರಾಯರ ತಕರಾರು. ಕಕ್ಷಿದಾರರನ್ನು ವರ್ಷಾನುಗಟ್ಟಲೆ ನಡೆಸಿ ಎಲ್ಲಿಗೂ ಮುಟ್ಟಿಸದ ಪಾಪವೇ (ಇದು ಹೆಂಡತಿ ಶಾಮಲಾಬಾಯಿಯವರ ಅಭಿಪ್ರಾಯ) ಟ್ರೆಡ್‌ಮಿಲ್ಲಿನ ಅವತಾರ ಎತ್ತಿ ಮನೆಗೆ ಬಂದಿತ್ತು.

ಪಾರ್ಕಿನ್ಸನ್ ಕಾಯಿಲೆ ರಾಯರ ಕೈ ಬಿಟ್ಟು ಕಾಲು ಹಿಡಿದಿತ್ತು. ಹೆಜ್ಜೆ ಗಿಡ್ಡವಾಗಿದ್ದವು. ಹೊಸ್ತಿಲು ಕಂಡರೆ ಪಾದ ನೆಲಕ್ಕೆ ಅಂಟಿಬಿಡುತ್ತಿತ್ತು. ಸಂಜೆ ಶಾಮಲಾಬಾಯಿಯವರೊಂದಿಗೆ ಆನೆಕೆರೆಯ ದಂಡೆಗೆ ಹೋಗುವುದು ನಿಂತೇಹೋಗಿತ್ತು. ಕೋರ್ಟಿಗೆ ಹೋಗದಿದ್ದರೆ ನಡೆದೀತು, ಆದರೆ ಆ ದಂಡೆ, ಆ ಗಾಳಿ, ಜೊತೆಗೆ ಹೆಂಡತಿ, ಇವು ಮತ್ತೆ ಸಿಗಲಿಕ್ಕಿಲ್ಲ ಎಂದು ರಾಯರ ಜೀವ ಕೊರಗುತ್ತಿತ್ತು.

ಫಿಜಿಯೋಥೆರಪಿ ಮಾಡಿಸುವ ನದೀಮ ಡಾಕ್ಟರು ಯಂತ್ರ ತರಿಸಿದರು. ದಕ್ಷಿಣಕ್ಕೆ ಮುಖ ಮಾಡಿ ನಡೆದರೆ ಯಮನ ಮನೆಗೇ ಹೊರಟಂತೆ ಎಂದು ಶಾಮಲಾಬಾಯಿ ಹಟ ಹಿಡಿದದ್ದರಿಂದ ಅದು ಪೂರ್ವಕ್ಕೆ, ಅಡುಗೆಮನೆಯತ್ತ ತಿರುಗಿತು. ಯಂತ್ರದ ದಾರದ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳಬೇಕು, ಮುಗ್ಗರಿಸಿದರೆ ದಾರ ಜಗ್ಗಿ ಯಂತ್ರ ತಾನೇ ನಿಲ್ಲುತ್ತದೆ, ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದು ಡಾಕ್ಟರು ಹೇಳಿಹೋದರು.

ದ್ವಾದಶಿಯ ಬೆಳಿಗ್ಗೆ ರಾಯರು ಸ್ನಾನ ಮಾಡಿ ಬರಿಮೈಯಲ್ಲಿದ್ದರು. ಹಿಂದಿನ ದಿನದ ಉಪವಾಸ. ಪಾರಣೆಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ನಾಲ್ಕು ಹೆಜ್ಜೆ ಹಾಕೋಣವೆಂದು, ಯಾರನ್ನೂ ಕರೆಯದೆ ಯಂತ್ರ ಏರಿದರು. ಅಂಗಿಯಿಲ್ಲ, ಕ್ಲಿಪ್ಪು ಎಲ್ಲಿಗೆ? ಕಾನೂನು ಓದಿದ ತಲೆ ಓಡಿತು, ಜನಿವಾರಕ್ಕೆ ಸಿಕ್ಕಿಸಿಕೊಂಡರು.

ಒಳಗಿನಿಂದ ತೊವ್ವೆಯ ಒಗ್ಗರಣೆಯ ವಾಸನೆ ಬಂತು. ಹೊಟ್ಟೆ ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. ರಾಯರು ಹಿಂದೆ ಸರಿದರು, ಜನಿವಾರ ಜಗ್ಗಿತು, ಇನ್ನೂ ಜಗ್ಗಿತು, ಪಟ್ಟೆಂದು ಹರಿಯಿತು. ಯಂತ್ರ ಮಾತ್ರ ನಿಲ್ಲಲಿಲ್ಲ. "ಶಾಮೀ" ಎಂದು ಕೂಗಿದರು.

ಮಡಿಸೀರೆಯ ಶಾಮಲಾಬಾಯಿ ಸೌಟು ಬಿಸಾಕಿ ಓಡಿಬಂದು, ಒಂದು ಕೈಯಿಂದ ಕೆಂಪು ಗುಂಡಿ ಒತ್ತಿ, ಇನ್ನೊಂದರಿಂದ ಗಂಡನನ್ನು ಬಿಗಿಯಾಗಿ ಹಿಡಿದುಕೊಂಡರು. (ರಬ್ಬರಿನ ಪಟ್ಟಿಯ ಮೇಲೆ ನಿಂತವರು ಮೈಲಿಗೆ ಎಂದು ತೀರ್ಪು ಕೊಟ್ಟವರೂ ಅವರೇ.)

"ನಿನ್ನ ಮಡಿ ಹೋತಲ್ಲ" ಎಂದರು ರಾಯರು.

"ಹೋದ್ರ ಹೋಗ್ಲಿ. ನೀವು ಉಳಿದ್ರಲ್ಲ, ಸಾಕು."

ಹಾಡುಹಗಲಲ್ಲಿ ಆಕೆ ಹಾಗೆ ಹಿಡಿದದ್ದು ಜನ್ಮದಲ್ಲೇ ಮೊದಲು. ಬಿಡುವುದು ಬೇಡವೆನಿಸಿ, ಕಾಲು ಅಂಟಿಕೊಂಡಿವೆ ಎಂದು ಸುಳ್ಳು ಹೇಳಿದರು. ವಕೀಲರಿಗೆ ಅದೇನು ಕಷ್ಟವಲ್ಲ.

ಅಂದಿನಿಂದ ಶಾಮಲಾಬಾಯಿ ಪಕ್ಕದಲ್ಲೇ ಕಾವಲು. ತಿಂಗಳುಗಳು ಕಳೆದಂತೆ ಹೆಜ್ಜೆ ಉದ್ದವಾದವು. ಕೆರೆಗೆ ಹೋಗಿಬನ್ನಿ ಎಂದು ಡಾಕ್ಟರು ಅಪ್ಪಣೆ ಕೊಟ್ಟಾಗ, ಊರು ನೋಡಿದರೆ ನೋಡಲಿ, ಹೆಂಡತಿಯ ಪಕ್ಕಕ್ಕೆ ಪಕ್ಕ ನಡೆಯಬೇಕೆಂದು ರಾಯರು ಹೊಸ ಧೋತರ ಉಟ್ಟರು.

ಹೊಸ್ತಿಲು ಬಂತು. ಪಾದ ಅಂಟಿತು. ಯಂತ್ರಕ್ಕೆಲ್ಲಿ ಹೊಸ್ತಿಲಿರುತ್ತದೆ? ಬಾಯಿಯವರು ಮುಂದೆ ನಡೆಯಲಿ, ಅವರ ಹೆಜ್ಜೆ ನೋಡಿ ಹೆಜ್ಜೆ ಎತ್ತಿರಿ ಎಂದರು ಕಳಿಸಿಕೊಡಲು ಬಂದಿದ್ದ ಡಾಕ್ಟರು. ಶಾಮಲಾಬಾಯಿ ಮುಂದಾದರು. ಕಾಲು ಬಿಟ್ಟಿತು.

ಹೀಗೆ ಮೆರವಣಿಗೆ ಸಾಗಿತು. ಪಕ್ಕಕ್ಕೆ ಬರಲು ನೋಡಿದರೆ ರಾಯರ ಕಾಲು ನಿಲ್ಲುತ್ತಿತ್ತು, ಹಿಂದೆ ಬಿದ್ದರೆ ನಡೆಯುತ್ತಿತ್ತು. ಕೊನೆಗೆ ತಡೆಯದೆ, "ಶಾಮೀ, ಸ್ವಲ್ಪ ನಿಧಾನ ನಡಿ. ಒಮ್ಮೆ ಹೊರಳಿ ನೋಡು" ಎಂದರು.

"ಮದವಿ ಆದಾಗಿಂದ ಇದೇ ಮಾತು ನಿಮ್ಮ ಬೆನ್ನಿಗೆ ಹೇಳಕೋತ ಬಂದೇನ್ರಿ" ಎಂದರು ಆಕೆ, ಹೊರಳದೆಯೇ. "ಈ ಕೆರಿ ದಾರ್ಯಾಗ ಒಂದು ದಿನಾನೂ ನೀವು ಹೊರಳಿ ನೋಡ್ಲಿಲ್ಲ."

ಶಾಮಲಾಬಾಯಿ ಹೊರಳಲಿಲ್ಲ, ಹೆಜ್ಜೆಯನ್ನು ಮಾತ್ರ ನಿಧಾನ ಮಾಡಿದರು. ಅಷ್ಟು ಹಂಬಲಿಸಿದ ಕೆರೆ ಬಂದದ್ದೂ ರಾಯರಿಗೆ ತಿಳಿಯಲಿಲ್ಲ. ಅವರು ಹೆಂಡತಿಯ ಒಡೆದ ಹಿಮ್ಮಡಿಗಳನ್ನೇ ನೋಡುತ್ತ ನಡೆಯುತ್ತಿದ್ದರು.