ಮಾವನವರಿಗೆ ಜರ್ಮನ್ ವೇದಾಂತ

ಭಾಷಣದಿಂದ ಬಗೆಹರಿಯದ ಸಮಸ್ಯೆ ಲೋಕದಲ್ಲಿಲ್ಲ ಎಂದು ನಾನು ನಂಬಿದ್ದ ಕಾಲವದು. ಆಗ ಹೊಸಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ.

ಮಾವನವರು ಹಂಪಿಯಲ್ಲಿ ಪೂಜೆ ಮಾಡುವವರು, ಆಚಾರವಂತರು. ಅಳಿಯ ದೇವರಿಲ್ಲದ ಜರ್ಮನ್ನರ ಪುಸ್ತಕ ಓದುತ್ತಾನೆಂದು ಯಾರೋ ಅವರ ಕಿವಿ ಊದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಊಟ ಬಿಟ್ಟರು. ಬಂದರೆ ಕಟ್ಟೆಯ ಮೇಲೆ ಕೂತು, ಮಗಳನ್ನು ಮಾತಾಡಿಸಿ, ನೀರು ಸಹ ಮುಟ್ಟದೆ ಹೊರಡುವರು. ಗಾಡಿ ಮರೆಯಾದ ಮೇಲೆ ನನ್ನ ಹೆಂಡತಿ ರುಕ್ಮಿಣಿ ಒಲೆಯ ಮುಂದೆ ಕಣ್ಣೊರೆಸಿಕೊಂಡು, "ಒಲಿ ಹೊಗಿ" ಅನ್ನುತ್ತಿದ್ದಳು. ಒಲೆ ಆರಿರುತ್ತಿತ್ತು.

"ಅವರಿಗೆ ನಾನು ತಿಳಿಸಿ ಹೇಳ್ತೀನಿ," ಎಂದೆ. "ಆ ಜರ್ಮನ್ ಪಂಡಿತರ ಬೇರು ಇರೋದು ಅನುಭಾವಿಗಳೊಳಗ!"

"ಭಾಷಣ ಬ್ಯಾಡ್ರಿ. ಸುಮ್ನ ಕಾಲಿಗೆ ಬಿದ್ದು ಊಟಕ್ಕ ಕರೀರಿ."

ಕಾಲಿಗೆ ಬೀಳುವುದು ಯಾರಿಗೆ ಬಾರದು? ಭಾಷಣವನ್ನೇ ಇಟ್ಟೆ!

ವಿಷಯ: ಆಧುನಿಕ ಜರ್ಮನ್ ತತ್ತ್ವಶಾಸ್ತ್ರದ ಮೇಲೆ ಅನುಭಾವ ಹಾಗೂ ಗೂಢವಿದ್ಯೆಯ ಪ್ರಭಾವ. ಸ್ಥಳ: ಪೇಟೆಯ ಛತ್ರ. ಅಧ್ಯಕ್ಷರು: ಮಾವನವರು! ಅವರು ಬರಲು ಒಪ್ಪಿದ್ದೇ ತಡ, ರುಕ್ಮಿಣಿ ಈ ಸಲ ಊಟ ಮಾಡಿಯಾರೆಂಬ ಆಸೆಯಿಂದ ಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಚಿತ್ರಾನ್ನ, ಪಾಯಸ ಮಾಡಿಟ್ಟು ಸಭೆಗೆ ಬಂದಳು.

ನಾನು ಗಂಟಲು ಸರಿಪಡಿಸಿಕೊಂಡೆ. "ಜರ್ಮನಿಯಲ್ಲಿ ಕಾಲಿನ ಜೋಡು ಹೊಲಿಯುವವನೊಬ್ಬನಿದ್ದ. ತವರದ ತಟ್ಟೆಯ ಮೇಲೆ ಹೊಳೆದ ಬೆಳಕು ನೋಡಿ ಅವನಿಗೆ ಸೃಷ್ಟಿಯ ಗುಟ್ಟು ತೆರೆಯಿತು. ಕತ್ತಲೆಯಿಲ್ಲದೆ ಬೆಳಕು ಕಾಣದು, 'ಇಲ್ಲ' ಎಂಬುದಿಲ್ಲದೆ 'ಹೌದು' ಎಂಬುದಿಲ್ಲ ಎಂದ. ಮುಂದೆ ಬಂದ ದೊಡ್ಡ ಪ್ರೊಫೆಸರುಗಳು ಈ ಪಾಯದ ಮೇಲೇ ಮಾಳಿಗೆ ಕಟ್ಟಿದರು!"

ಮಾವನವರು ಮುಂದಕ್ಕೆ ಬಾಗಿದರು. "ಅವರು ಈತನ್ನ ಒಪ್ಪಿದರೇನು?"

"ಒಪ್ಪಿದರು! ಜರ್ಮನಿಯ ಮೊದಲ ತತ್ತ್ವಜ್ಞಾನಿ ಇವನೇ ಅಂತ ಅವರೊಳಗ ದೊಡ್ಡವರೊಬ್ಬರು ಹೇಳ್ಯಾರ."

ಮಾವನವರ ತಲೆ ಮೆಲ್ಲಗೆ ತೂಗಿತು. ಭಾಷಣ ಅಲ್ಲಿಗೇ ಮುಗಿಸಿ ಕೂತಿದ್ದರೆ ಗೆದ್ದಿದ್ದೆ. ಆದರೆ ಪ್ರಮಾಣ ಬೇಡವೆ? ಚೀಲದಿಂದ, ಹೊಸದಾಗಿ ಕಲಾಯಿ ಹಾಕಿಸಿದ ನಮ್ಮ ಅಗಲ ತಟ್ಟೆಯಂಥ ಹಿತ್ತಾಳೆ ಪರಾತ ತೆಗೆದು, ಪಡುವಣ ಕಿಟಕಿಯ ಬಿಸಿಲಿಗೆ ಹಿಡಿದೆ.

ಬೆಳಕು ನೇರವಾಗಿ ಅಧ್ಯಕ್ಷರ ಕಣ್ಣಿಗೆ ಹೊಡೆಯಿತು!

"ಅಯ್ಯೋ ಕೃಷ್ಣಾ!" ಎಂದು ಮಾವನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಗಾಬರಿಯಲ್ಲಿ ಪರಾತ ಕೈಬಿಟ್ಟೆ. ಅದು ಕಲ್ಲು ನೆಲದ ಮೇಲೆ ಬಿದ್ದು, ಉರುಳಿ, ಗಿರಗಿರ ಸುತ್ತಿ, ಬೀದಿಗೆಲ್ಲ ಕೇಳುವಂತೆ ಮೊಳಗಿತು.

ಆ ಛತ್ರದಲ್ಲಿ ಊಟಕ್ಕೆ ಕರೆಯುವುದು ತಟ್ಟೆ ಬಡಿದೇ. ಅದು ನನಗೂ ಗೊತ್ತಿತ್ತು. ನೆನಪಾದದ್ದು ಮಾತ್ರ, ಹಂಪಿಗೆ ಹೊರಟ ಯಾತ್ರಿಕರು, ಕಂಪ್ಲಿಯ ಗಾಡಿಯವರು, ಹಮಾಲರು ಎಲ್ಲ ಒಳಗೆ ಬಂದು ಸಾಲಾಗಿ ಪಂಕ್ತಿ ಕೂತ ಮೇಲೆ!

"ಜಲ್ದಿ ಎಲಿ ಹಾಕ್ರೀ," ಎಂದಳೊಬ್ಬ ಮುದುಕಿ.

"ತಾಯಿ, ಇದು ಊಟವಲ್ಲ, ತತ್ತ್ವಶಾಸ್ತ್ರ."

"ಇರ್ಲಿ ಬಿಡಪ್ಪ, ಅದನ್ನೂ ಒಂದೀಟು ಹಾಕು!"

ಸಭೆ ಬಿದ್ದು ಬಿದ್ದು ನಕ್ಕಿತು. ಮಾವನವರು ಮಾತ್ರ ನಗಲಿಲ್ಲ. ಕಣ್ಣುಜ್ಜಿಕೊಳ್ಳುತ್ತ ಎದ್ದು, "ಊಟಕ್ಕ ಕುಂತವರನ್ನ ಎಬ್ಬಿಸಬಾರದು. ಮನ್ಯಾಗ ಏನದ, ಮಗಳ?" ಎಂದರು.

ಪಾತ್ರೆಗಳು ಬಂದವು. ಮಾವನವರು ಪಂಚೆ ಎತ್ತಿ ಕಟ್ಟಿ ತಾವೇ ಬಡಿಸಿದರು. ತತ್ತ್ವಜ್ಞಾನಿಯಾದ ನಾನು ನೀರು ಹಾಕಿದೆ.

ಎಲ್ಲ ಮುಗಿಸಿ ಮನೆಗೆ ಬಂದಾಗ ಉಳಿದದ್ದು ಒಂದಿಷ್ಟು ಅನ್ನ, ಮಜ್ಜಿಗೆ. ಮಾವನವರು ಕಟ್ಟೆಯ ಕಡೆ ತಿರುಗಿಯೂ ನೋಡದೆ ಸೀದಾ ಒಳಗೆ ಬಂದು ಮಣೆಯ ಮೇಲೆ ಕೂತರು. "ಹಾಕವ್ವ, ಭಾಳ ಹಸಿವಾಗ್ಯದ." ರುಕ್ಮಿಣಿ ಓಡಿ ಬಂದು ಬಡಿಸಿದಳು. ಅರ್ಧ ಮಜ್ಜಿಗೆ ಎಲೆಯ ಹೊರಗೇ ಬಿತ್ತು!

ಹೊರಡುವಾಗ ಅವಳಿಗೆ ಏನೋ ಹೇಳಿ, ಶನಿವಾರ ಮತ್ತೆ ಊಟಕ್ಕೆ ಬರುವುದಾಗಿ ನನಗೂ ಹೇಳಿದರು. ನಾನು ಉಬ್ಬಿಹೋದೆ. "ನೋಡಿದ್ಯಾ? ನನ್ನ ಭಾಷಣದ ಪ್ರಭಾವ!"

"ಹೌದ್ರಿ," ಎಂದಳು ರುಕ್ಮಿಣಿ, ನಗು ತಡೆಯುತ್ತ. "'ಆ ಜೋಡು ಹೊಲಿಯೋನ ಕಥಿ ಚಲೋ ಅದ. ನೀ ಕೇಳಿ ತಿಳಕೊಂಡು ನನಗ ಹೇಳು. ನಿನ್ನ ಗಂಡ ಹೇಳಿದರ ಕಣ್ಣು ಹೋಗ್ತಾವ' ಅಂದ್ರು."

ಹಾಗಾಗಿ ಶನಿವಾರಗಳಲ್ಲಿ ನಮ್ಮ ಮನೆಯಲ್ಲಿ ಜರ್ಮನ್ ತತ್ತ್ವಶಾಸ್ತ್ರ ರುಕ್ಮಿಣಿಯ ಬಾಯಿಂದಲೇ ನಡೆಯಿತು. ನಾನು ಪಕ್ಕದಲ್ಲಿ ಕೂತು ಗಂಭೀರವಾಗಿ ತಲೆದೂಗುತ್ತಿದ್ದೆ. ಅದರಲ್ಲಿ ಎಷ್ಟೋ ಭಾಗ ನನಗೂ ಆಗಲೇ ಮೊದಲ ಸಲ ಅರ್ಥವಾಯಿತು!